ಸೂತಕವಿಲ್ಲ ಎಂದು ಹೇಳಿದ ಮೇಲೆ

ನಮ್ಮ ಮನೆಯವರು ತೀರಿಕೊಂಡದ್ದು 2016ರ ಡಿಸೆಂಬರಿನಲ್ಲಿ. ಅದಕ್ಕೆ ಹಿಂದಿನ ವರ್ಷದ ಶ್ರಾವಣದಲ್ಲಿ, ಊರಿನ ವಚನ ಓದಿನಲ್ಲಿ, ನಾನು ಎದ್ದು ನಿಂತು ಒಂದು ಮಾತು ಹೇಳಿದ್ದೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಸಾವಿನ ಸೂತಕ ಇಲ್ಲ ಅಂದಮೇಲೆ ಗಂಡ ಸತ್ತವಳು ಅಪಶಕುನ ಅನ್ನುವುದೂ ಇಲ್ಲ. ಹೇಳುವಾಗ ಕಷ್ಟವೇನೂ ಆಗಲಿಲ್ಲ. ಮಂದಿ ತಲೆದೂಗಿದರು. ಆಮೇಲೆ ಪ್ರಸಾದ ಹಂಚಿದರು, ಮನೆಗೆ ಬಂದೆವು.

ನನ್ನ ತವರು ಬ್ಯಾಡಗಿ ತಾಲ್ಲೂಕು, ಕಾಗಿನೆಲೆ ಕಡೆಯ ಹಳ್ಳಿ. ಅವ್ವ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ನನ್ನನ್ನು ಎಸ್ಸೆಸ್ಸೆಲ್ಸಿತನಕ ಓದಿಸಿದಳು. ಮೇಡ್ಲೇರಿಗೆ ಸೊಸೆಯಾಗಿ ಬಂದೆ. ಸ್ವಲ್ಪ ಹೊಲ, ಒಂದು ಬೋರು, ಅತ್ತೆ, ಮೈದುನ, ಅವನ ಹೆಂಡತಿ, ಎಲ್ಲ ಒಂದೇ ಮನೆ. ಹೊಲದಲ್ಲಿ ಗೋವಿನಜೋಳ, ಒಂದಿಷ್ಟು ಜಾಗದಲ್ಲಿ ಬೀಜದ ಹತ್ತಿ. ರಾಣೇಬೆನ್ನೂರು ಬೀಜದ ಊರು. ಕಂಪನಿಯವರು ಬೀಜ ಕೊಡುತ್ತಾರೆ, ನಾವು ಕ್ರಾಸಿಂಗ್ ಮಾಡಿ ಬೆಳೆದು ಕೊಡುತ್ತೇವೆ.

ಓದಿಗೆ ಬಿದ್ದದ್ದು ನಿವೃತ್ತ ಮಾಸ್ತರರೊಬ್ಬರಿಂದ. ಶ್ರಾವಣ ಬಂದರೆ ಅವರು ಸಂಜೆ ನಾಲ್ಕಾರು ಜನರನ್ನು ಕೂಡಿಸಿಕೊಂಡು ವಚನ ಓದಿಸುತ್ತಿದ್ದರು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಕಥೆಯನ್ನು, ವಚನಗಳ ಅಚ್ಚಿನ ಕೆಲಸಕ್ಕಾಗಿ ಅವರು ಮನೆ ಮಾರಿಕೊಂಡದ್ದನ್ನು ಮಾಸ್ತರು ಪ್ರತಿವರ್ಷ ಹೇಳುವವರು. ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿತ್ತು. ಸರ್ಕಾರ ತಂದ ಹದಿನೈದು ವಚನ ಸಂಪುಟಗಳಲ್ಲಿ ಕೆಲವು ಅವರ ಮನೆಯಲ್ಲಿದ್ದವು. ಶರಣೆಯರ ಸಂಪುಟವನ್ನು ನನಗೆ ಕೊಟ್ಟರು. ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು 12ನೇ ಶತಮಾನದಲ್ಲಿ ತಾವು ಕಂಡದ್ದನ್ನು ಬಾಯಿಬಿಟ್ಟು ಹೇಳಿದ್ದಾರೆ ಎಂದು ಆಗಲೇ ಗೊತ್ತಾದದ್ದು. ಅವರಲ್ಲಿ ಕಸ ಗುಡಿಸುವವಳಿದ್ದಳು, ಅಕ್ಕಿ ಆಯುವವಳಿದ್ದಳು, ಸೂಳೆಯಾಗಿದ್ದವಳಿದ್ದಳು. ನಾನು ಹತ್ತಿ ಹೊಲದಿಂದ ಬಂದು, ಒಲೆ ಹೊತ್ತಿಸಿ, ಅನ್ನ ಬೇಯುವ ತನಕ ಓದುತ್ತಿದ್ದೆ.

ಆಮೇಲೆ ದೀಕ್ಷೆ ತೆಗೆದುಕೊಂಡೆ. ಲಿಂಗ ಹುಟ್ಟಿದಾಗಲೇ ಕಟ್ಟಿದ್ದರು, ಆದರೆ ಅದು ಗೂಟಕ್ಕೆ ತೂಗುಬಿದ್ದು ಎಷ್ಟೋ ವರ್ಷವಾಗಿತ್ತು. ಈಗ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಕೂತೆ. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಕೆಲವು ದಿನ ಮನಸ್ಸು ನಿಲ್ಲುತ್ತಿತ್ತು. ಹಾಗೆ ನಿಂತಾಗ, ಇದು ಇರುವ ಮೈಗೆ ಮೈಲಿಗೆ ಎಲ್ಲಿಂದ ಬರಬೇಕು ಎಂದು ಸ್ಪಷ್ಟವಾಗಿ ಅನಿಸಿತು. ಓದಿದ್ದೂ ಅದೇ ಆಗಿತ್ತು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದ್ದರು. ಓದಿದ್ದು ಬೇರೆ, ಅನಿಸಿದ್ದು ಬೇರೆ. ಅನಿಸಿದ ಮೇಲೆ ನಾನು ಮುಟ್ಟಿನ ದಿನಗಳಲ್ಲಿ ಹೊರಗೆ ಕೂರುವುದನ್ನು ಬಿಟ್ಟೆ. ಅತ್ತೆ ಮಾತಾಡಲಿಲ್ಲ. ಆ ದಿನಗಳಲ್ಲಿ ನಾನು ಮಾಡಿದ ಅಡಿಗೆಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ರೊಟ್ಟಿ ತಾವೇ ಬಡಿದುಕೊಳ್ಳುವರು.

ನಮ್ಮ ಮನೆಯವರು ಓದುವವರಲ್ಲ. ಆದರೆ ಇಳಕಲ್ಲಿನ ಮಠದ ಮಹಾಂತಪ್ಪನವರು ಜೋಳಿಗೆ ಹಿಡಿದು ಬಂದಲ್ಲಿ, ಗೆಳೆಯರ ಜೊತೆ ಹೋಗಿದ್ದಾಗ, ಜೇಬಿನ ಬೀಡಿ ಕಟ್ಟು ಅದರಲ್ಲಿ ಹಾಕಿ ಬಂದಿದ್ದರು. ಆ ಜೋಳಿಗೆಗೆ ದುಡ್ಡು ಹಾಕುವಂತಿರಲಿಲ್ಲ, ಚಟ ಹಾಕಬೇಕಿತ್ತು. ಮತ್ತೆ ನಮ್ಮ ಮನೆಯವರು ಬೀಡಿ ಮುಟ್ಟಲಿಲ್ಲ. ನನ್ನ ಮಾತುಗಳನ್ನು ಕೇಳಿ ನಗುತ್ತಿದ್ದರು. ‘ನಾ ಸತ್ತಾಗ ನೋಡೂಣು ತಗಾ’ ಎಂದು ಒಮ್ಮೆ ಅಂದಿದ್ದರು. ಅದು ಒಪ್ಪಿಗೆಯೋ ಚೇಷ್ಟೆಯೋ ಹೇಳಲಾರೆ. ಅವರು ನನಗೆ ಅನುಮತಿ ಕೊಟ್ಟು ಹೋದರು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ.

ನಾನು ಸೂತಕದ ಮಾತಾಡಿದ ಆ ಶ್ರಾವಣದಲ್ಲೇ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲಿ ಗುಂಡು ಹೊಡೆದು ಕೊಂದರು. ನಾವು ಓದುತ್ತಿದ್ದ ಸಂಪುಟಗಳ ಹಿಂದೆ ದುಡಿದವರು ಅವರು. ಮಾಸ್ತರು ಅವತ್ತು ಓದಿಸಲಿಲ್ಲ. 1989ರಲ್ಲಿ ಇದೇ ಕಲಬುರ್ಗಿಯವರು ಹೆಂಡತಿ ಮಕ್ಕಳ ಜೀವಕ್ಕಾಗಿ ತಾವು ಬರೆದದ್ದನ್ನು ಹಿಂತೆಗೆದುಕೊಂಡಿದ್ದರು ಎಂದು ಹೇಳಿದರು. ಮರುದಿನ ಓದಿಗೆ ಬಂದವರು ಕಡಿಮೆ. ರಾತ್ರಿ ಮನೆಯವರು, ‘ಮಾತಾಡೂದು ಸ್ವಲ್ಪ ಕಡಿಮಿ ಮಾಡು’ ಅಂದರು. ಹಳ್ಳಿಯ ಹೆಂಗಸನ್ನು ಯಾರು ಕೊಲ್ಲಲು ಬರುತ್ತಾರೆ ಎಂದೆ. ಅವರು ನಗಲಿಲ್ಲ.

2016 ಬರದ ವರ್ಷ. ಬೋರಿನ ನೀರು ಇಳಿದಿತ್ತು. ನವೆಂಬರಿನಲ್ಲಿ ನೋಟು ರದ್ದಾದವು. ಹತ್ತಿ ಬಿಡಿಸುವ ಆಳುಗಳಿಗೆ ಕೊಡಲು ಚಿಲ್ಲರೆ ಇರಲಿಲ್ಲ. ಡಿಸೆಂಬರಿನ ಆ ದಿನ ಮಧ್ಯಾಹ್ನ ಅವರು ಹೊಲದಲ್ಲೇ ಎದೆ ಹಿಡಿದುಕೊಂಡು ಕೂತರು. ಬೆವರಿ ಅಂಗಿಯೆಲ್ಲ ತೊಯ್ದಿತ್ತು. ರಾಣೇಬೆನ್ನೂರಿಗೆ ಒಯ್ದೆವು. ಅಲ್ಲಿ ನೋಡಿ ದಾವಣಗೆರೆಗೆ ಒಯ್ಯಿರಿ ಅಂದರು. ಗಾಡಿಯವನು ಹಳೆ ನೋಟು ಒಲ್ಲೆ ಅಂದ. ನಮ್ಮ ಓಣಿಯ ಹುಡುಗನೊಬ್ಬ ನೂರರ ನೋಟುಗಳನ್ನು ತಂದು ಎಣಿಸದೆ ನನ್ನ ಕೈಯಲ್ಲಿಟ್ಟ. ಆ ದುಡ್ಡನ್ನು ಅವನು ಆಮೇಲೆ ಎಂದೂ ಕೇಳಲಿಲ್ಲ, ನಾನೇ ಕೊಟ್ಟು ಬಂದೆ. ಹರಿಹರದ ಸೇತುವೆ ದಾಟುವ ಮೊದಲೇ ಅವರು ಹೋದರು. ನನ್ನ ತೊಡೆಯ ಮೇಲೆ ತಲೆ ಇತ್ತು. ಮೈದುನ ಗಾಡಿ ತಿರುಗಿಸಿ ಅಂದ.

ರಾತ್ರಿ ಮನೆ ತಲುಪಿದೆವು. ಅವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಭಜನೆಯವರು ಬಂದರು. ರಾತ್ರಿಯೆಲ್ಲ ಹಾರ್ಮೋನಿಯಂ ನಡೆಯಿತು. ನಾನು ಅವರ ಎದುರು ಕೂತಿದ್ದೆ. ಮಗಳು ಎಂಟನೇ ತರಗತಿ, ಮಗ ಅವಳಿಗಿಂತ ಚಿಕ್ಕವನು. ಮಗ ನಿದ್ದೆ ಹೋದ. ಮಗಳು ಹೋಗಲಿಲ್ಲ.

ಆ ರಾತ್ರಿ ನಾನು ವಚನ ನೆನೆಸಲಿಲ್ಲ. ನೆನಪಿಗೆ ಬರಲಿಲ್ಲ. ಬೆಳಗಾದರೆ ಏನಾಗುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಬಳೆ ಒಡೆಯಲು ಬಂದವರಿಗೆ ಸುಮ್ಮನೆ ಕೈ ಕೊಟ್ಟುಬಿಡೋಣ ಎಂದೂ ಅನಿಸಿತು. ಕೊಟ್ಟರೆ ಎಲ್ಲರೂ ನನ್ನನ್ನು ಹಿಡಿದುಕೊಂಡು ಅಳುತ್ತಾರೆ, ನಾನೂ ಅಳಬಹುದು. ಕೊಡದಿದ್ದರೆ ಅಳಲೂ ಆಗುವುದಿಲ್ಲ ಎಂದು ಗೊತ್ತಿತ್ತು.

ಬೆಳಿಗ್ಗೆ ಹೊಲದಲ್ಲಿ ಕುಣಿ ತೋಡಿದ ಸುದ್ದಿ ಬಂತು. ಹೆಂಗಸರು ನನ್ನನ್ನು ಹಿತ್ತಲಿಗೆ ಕರೆದರು. ಮಣೆ ಹಾಕಿತ್ತು. ಪಕ್ಕಕ್ಕೆ ಕಲ್ಲು. ನಮ್ಮ ಮನೆತನದಲ್ಲಿ ಈ ಕೆಲಸಕ್ಕೆ ಗಂಡ ಸತ್ತ ಹಿರಿಯ ಹೆಂಗಸರು ಬರುತ್ತಾರೆ. ಬಂದವರಲ್ಲಿ ಮುಂದೆ ನಿಂತವರು ನಮ್ಮ ಅತ್ತೆ. ಸತ್ತವನು ಅವರ ಮಗ. ಅವರ ಮುಖ ನೋಡಲು ಆಗುತ್ತಿರಲಿಲ್ಲ.

‘ಬಾ ಯವ್ವಾ, ಕುಂದ್ರು’ ಅಂದರು.

‘ಬ್ಯಾಡ ಅತ್ತಿ’ ಅಂದೆ. ಬಾಯಿ ಒಣಗಿತ್ತು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವರಿಗೆ ಕೇಳಲಿಲ್ಲ. ಮತ್ತೆ ಹೇಳಿದೆ. ‘ಬಳಿ ಒಡೆಯೂದು ಬ್ಯಾಡ. ಕುಂಕುಮ ಇರಲಿ. ನನಗ ಸೂತಕಿಲ್ಲ.’

ಯಾರೋ ನನಗೆ ತಲೆ ಕೆಟ್ಟಿದೆ, ದುಃಖಕ್ಕೆ ಹೀಗೆ ಆಡುತ್ತಾಳೆ ಅಂದರು. ಇಬ್ಬರು ಹಿಂದಿನಿಂದ ತೋಳು ಹಿಡಿದರು. ಸಿಟ್ಟಿನಿಂದಲ್ಲ. ಬೇಗ ಮುಗಿದರೆ ಒಳ್ಳೆಯದು ಎಂದು ಹಿಡಿದದ್ದು. ನಾನು ಕೈ ಎಳೆದುಕೊಂಡೆ. ಆ ಎಳೆದಾಟದಲ್ಲಿ ಎಡಗೈಯ ಬಳೆಗಳು ಗೋಡೆಗೆ ತಾಗಿ ಒಡೆದವು. ಮುಂಗೈ ಕೊಯ್ದು ರಕ್ತ ಬಂತು. ರಕ್ತ ನೋಡಿ ಅವರು ಬಿಟ್ಟರು. ಬಲಗೈಯ ಬಳೆಗಳು ಉಳಿದವು. ನಾನು ಆ ಕೈಯನ್ನು ಸೆರಗಿನೊಳಗೆ ಹಿಡಿದು ನಿಂತೆ. ಆಗ ನನಗೆ ಬಸವಣ್ಣ, ಅಕ್ಕಮಹಾದೇವಿ, ಯಾರೂ ನೆನಪಾಗಲಿಲ್ಲ. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳು ನೋಡುತ್ತಿದ್ದಾಳೆ ಎಂಬುದೊಂದೇ ಗೊತ್ತಿತ್ತು.

ಗದ್ದಲ ಹೊರಗೆ ಕೇಳಿ ಅಯ್ಯನವರು ಬಂದರು. ಸಂಸ್ಕಾರ ಮಾಡಿಸಲು ಬಂದವರು ಅವರು. ನಾನು ಅವರನ್ನೇ ಕೇಳಿದೆ. ಲಿಂಗ ಕಟ್ಟಿದವರಿಗೆ ಸೂತಕ ಇದೆಯೋ ಇಲ್ಲವೋ ನೀವೇ ಹೇಳಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲಂತ ನಾವs ಹೇಳತೀವಿ. ಆದ್ರ ಊರ ರೂಢಿ ಐತೆಲ್ಲವ್ವಾ’ ಅಂದರು. ಆಮೇಲೆ ಗಡಿಯಾರ ನೋಡಿ, ಮಣ್ಣಿಗೆ ತಡವಾಗುತ್ತದೆ, ಇದನ್ನು ಆಮೇಲೆ ನೋಡಿಕೊಳ್ಳಿ ಅಂದರು. ಅವರು ತಪ್ಪಿಸಿಕೊಂಡದ್ದೇ ನನಗೆ ಉಪಕಾರವಾಯಿತು. ಎಲ್ಲರೂ ಹೊರಗೆ ನಡೆದರು.

ಅತ್ತೆ ಹೋಗಲಿಲ್ಲ. ಅಲ್ಲೇ ಮಣೆಯ ಮೇಲೆ ಕೂತರು, ನನಗೆ ಹಾಕಿದ ಮಣೆಯ ಮೇಲೆ.

ಹೊಲದಲ್ಲಿ ಅವರನ್ನು ಕುಣಿಯಲ್ಲಿ ಕೂಡಿಸಿ, ಅಂಗೈಯಲ್ಲಿ ಅವರ ಲಿಂಗ ಇಟ್ಟು, ವಿಭೂತಿ, ಪತ್ರಿ ತುಂಬಿದರು. ನಾನು ಮುಂಗೈಗೆ ಬಟ್ಟೆ ಸುತ್ತಿಕೊಂಡು ದೂರ ನಿಂತಿದ್ದೆ. ನನ್ನ ಹತ್ತಿರ ಯಾರೂ ನಿಲ್ಲಲಿಲ್ಲ. ಮಾಸ್ತರು ಬಂದಿದ್ದರು. ಅವರು ಗಂಡಸರ ನಡುವೆ ನಿಂತಿದ್ದರು. ನನ್ನ ಕಡೆ ನೋಡಿದರು, ಬರಲಿಲ್ಲ.

ಮೂರನೆಯ ದಿನ ಹಾಲು ತುಪ್ಪಕ್ಕೆ ಬಂದವರು ಕಡಿಮೆ. ಶಿವಗಣಾರಾಧನೆಗೆ ಮಾಡಿಸಿದ ಗೋಧಿ ಹುಗ್ಗಿ ಉಳಿಯಿತು. ನಮ್ಮೂರಲ್ಲಿ ಯಾರೂ ನಮ್ಮನ್ನು ಹೊರಗಿಡಲಿಲ್ಲ. ಪಂಚಾಯ್ತಿ ಸೇರಲಿಲ್ಲ, ದಂಡ ಹಾಕಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಅಂಥದ್ದೇನಾದರೂ ಆಗಿದ್ದರೆ ದೂರು ಕೊಡಲಾದರೂ ಬರುತ್ತಿತ್ತು. ಆದದ್ದು ಇಷ್ಟೇ. ಮದುವೆ ಮನೆಯಲ್ಲಿ ಅರಿಷಿಣ ಕುಂಕುಮದ ತಟ್ಟೆ ನನ್ನ ತನಕ ಬಂದು, ನನ್ನನ್ನು ದಾಟಿ, ಪಕ್ಕದವಳಿಗೆ ಹೋಗುತ್ತಿತ್ತು. ಉಡಿ ತುಂಬುವಾಗ ನನ್ನನ್ನು ಒಳಗೆ ಯಾವುದೋ ಕೆಲಸಕ್ಕೆ ಕಳಿಸುತ್ತಿದ್ದರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಓಣಿಯ ಹುಡುಗಿಯರು ಮನೆ ಮನೆಗೆ ಹೋದರು. ನಮ್ಮ ಮನೆಗೆ ಬರಲಿಲ್ಲ. ಮಗಳು ಹೊಸ ಲಂಗ ಹಾಕಿಕೊಂಡು ಕಟ್ಟೆಯ ಮೇಲೆ ಕಾದಳು. ಆಮೇಲೆ ಒಳಗೆ ಬಂದು ಬಟ್ಟೆ ಬದಲಿಸಿದಳು.

ಗಂಡಸರ ಮಾತು ಬೇರೆ ಥರ ಇತ್ತು. ‘ಯಾರ ಸಲುವಾಗಿ ಬಳಿ ಇಟ್ಕೊಂಡಾಳ?’ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳುವ ಹಾಗೆಯೇ ಅಂದರು. ರಾಣೇಬೆನ್ನೂರಿಗೆ ಬೀಜದ ಲೆಕ್ಕಕ್ಕೆ ಒಬ್ಬಳೇ ಹೋಗಬೇಕಾಗುತ್ತಿತ್ತು. ಮೊದಲ ಕೆಲವು ತಿಂಗಳು ಮಗನನ್ನು ಶಾಲೆ ಬಿಡಿಸಿ ಜೊತೆಗೆ ಕರೆದುಕೊಂಡು ಹೋದೆ. ಭಯವಿತ್ತು. ಸಂಜೆ ಹೊಲದಲ್ಲಿ ಒಬ್ಬಳೇ ನಿಲ್ಲುತ್ತಿರಲಿಲ್ಲ. ರಾತ್ರಿ ಬಾಗಿಲಿಗೆ ಎರಡು ಚಿಲಕ ಹಾಕಿ, ಮತ್ತೆ ಎದ್ದು ನೋಡುತ್ತಿದ್ದೆ.

ಮೈದುನ ಬೇರೆಯಾದ. ‘ಊರಾಗ ತಲಿ ಎತ್ತಿ ತಿರಗ್ಯಾಡಾಕ ಆಗವಲ್ದು’ ಅಂದ. ಮನೆಯ ನಡುವೆ ಗೋಡೆ ಎದ್ದಿತು. ಆದರೆ ಬೋರಿನ ಪಾಳಿ ಅವನು ಒಂದು ದಿನವೂ ತಪ್ಪಿಸಲಿಲ್ಲ. ಕರೆಂಟು ರಾತ್ರಿ ಬಂದರೆ, ನನ್ನ ಪಾಳಿಯ ನೀರನ್ನು ತಾನೇ ಕಟ್ಟಿ ಬರುತ್ತಿದ್ದ. ನನ್ನ ಜೊತೆ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿನಲ್ಲಿ ನೀರು ಹರಿದಿರುತ್ತಿತ್ತು.

2017ರ ಕ್ರಾಸಿಂಗ್ ಕಾಲ ಬಂತು. ಬೀಜದ ಹತ್ತಿಗೆ ಆಳು ಬೇಕೇ ಬೇಕು. ಸಂಜೆ ನಾಳೆ ಅರಳುವ ಮೊಗ್ಗುಗಳನ್ನು ಹುಡುಕಿ ಬಿಚ್ಚಬೇಕು, ಗಂಡು ಕೇಸರ ಎಲ್ಲ ತೆಗೆದು ಗುರುತು ಹಾಕಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಸಾಲಿನ ಹೂ ತಂದು ಮುಟ್ಟಿಸಬೇಕು. ಒಂದು ದಿನ ತಪ್ಪಿದರೆ ಆ ದಿನದ ಹೂವೆಲ್ಲ ಹೋಯಿತು. ಹೆಣ್ಣಾಳುಗಳನ್ನು ಕರೆಯಲು ಹೋದೆ. ಪ್ರತಿವರ್ಷ ಬರುತ್ತಿದ್ದವರು ಬೇರೆ ಕಡೆ ಒಪ್ಪಿಕೊಂಡಿದ್ದೇವೆ ಅಂದರು. ಒಬ್ಬಳು ನಿಜ ಹೇಳಿದಳು. ‘ನಿನ್ನ ಹೊಲದಾಗ ಕಾಯಿ ಹಿಡಿಯೂದಿಲ್ಲ ಅಂತಾರ, ಯಕ್ಕಾ.’ ಕೊನೆಗೆ ಬಂದವಳು ಒಬ್ಬ ಮುದುಕಿ. ಅವಳಿಗೆ ಕಣ್ಣು ಮಂದ. ಮೊಗ್ಗು ಬಿಚ್ಚಲು ಬರುತ್ತಿರಲಿಲ್ಲ, ಆದರೆ ಗುರುತಿನ ದಾರ ಕಟ್ಟುತ್ತಿದ್ದಳು. ಉಳಿದದ್ದು ನಾನು, ಮಗಳು, ಶಾಲೆಗೆ ಹೋಗುವ ಮೊದಲು ಮಗ. ಕಾಯಿ ಹಿಡಿದವು. ಎಲ್ಲರ ಹೊಲದಲ್ಲಿ ಹಿಡಿದಷ್ಟೇ ಹಿಡಿದವು. ಅದರಿಂದ ಯಾರ ಮನಸ್ಸೂ ಬದಲಾಗಲಿಲ್ಲ, ಆದರೆ ಮುಂದಿನ ವರ್ಷ ಆಳು ಸಿಕ್ಕರು.

ಅದೇ ವರ್ಷ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ದೊಡ್ಡ ಸಮಾವೇಶ ಆಯಿತು. ನಮ್ಮ ಕಡೆಯಿಂದ ಗಾಡಿ ಮಾಡಿಕೊಂಡು ಹೋದರು. ಹೋಗುವಾಗ ಬಸವಣ್ಣನಿಗೆ ಜೈ ಅನ್ನುತ್ತ ನನ್ನ ಮನೆ ಮುಂದೆಯೇ ಹೋದರು. ಅವರಲ್ಲಿ ನನ್ನ ಹೊಲಕ್ಕೆ ಹೆಂಡತಿಯನ್ನು ಕಳಿಸದವರೂ ಇದ್ದರು. ಬಸವಣ್ಣ ಅಷ್ಟೇ ಅಲ್ಲ, ನಮ್ಮ ಜಿಲ್ಲೆಯಲ್ಲಿಯೂ ಕಂಡದ್ದನ್ನು ಮುಚ್ಚಿಡದೆ ಹೇಳಿದವರ ಹೆಸರಿಗೆ ಕೊರತೆಯಿಲ್ಲ. ಚೌಡಯ್ಯದಾನಪುರದ ಹೊಳೆ ದಂಡೆಯಲ್ಲಿ ಅಂಬಿಗರ ಚೌಡಯ್ಯನ ಗದ್ದುಗೆ ಇದೆ. ಕಾಗಿನೆಲೆಯಲ್ಲಿ ಕನಕದಾಸರಿದ್ದಾರೆ, ಶಿಶುನಾಳದಲ್ಲಿ ಶರೀಫರು, ಅಬಲೂರಿನಲ್ಲಿ ಸರ್ವಜ್ಞ. ಎಲ್ಲ ಕಡೆ ಹೋಗುತ್ತೇವೆ, ಕಾಯಿ ಒಡೆಸುತ್ತೇವೆ, ಬುತ್ತಿ ಉಂಡು ಬರುತ್ತೇವೆ. ಚೌಡಯ್ಯ ಈಗ ಬಂದು ನಮ್ಮ ಓಣಿಯಲ್ಲಿ ನಿಂತು ಬೈದರೆ ಅವನಿಗೂ ತಟ್ಟೆ ದಾಟಿಸಿಯೇ ಹೋಗುತ್ತಾರೆ ಎಂದು ನನಗೆ ಅನಿಸುತ್ತದೆ.

ನಂಬಿಕೆಯ ವಿಷಯ ಹೇಳಬೇಕು. ಅದು ಗಟ್ಟಿಯಾಗಿ ಉಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮೊದಲ ವರ್ಷ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಏನೂ ಇರುತ್ತಿರಲಿಲ್ಲ. ಕಪ್ಪು ಕಂತಿ, ಅಷ್ಟೇ. ಮನಸ್ಸು ಹೊಲದ ಲೆಕ್ಕಕ್ಕೆ, ಸಾಲಕ್ಕೆ, ಮಗಳು ಕಾದು ಕೂತ ಕಟ್ಟೆಗೆ ಹೋಗುತ್ತಿತ್ತು. ಯಾವುದಕ್ಕಾಗಿ ಇಷ್ಟೆಲ್ಲ ತೆತ್ತೆನೋ ಅದೇ ಇಲ್ಲ ಅನಿಸುವುದು ಕೆಟ್ಟದ್ದು. ಊಟ ಸೇರುತ್ತಿರಲಿಲ್ಲ. ಮೈ ಇಳಿಯಿತು. ಪೂಜೆ ಬಿಡಲಿಲ್ಲ. ಬಿಟ್ಟರೆ ಬಳೆಗಳಿಗೆ ಅರ್ಥ ಉಳಿಯುವುದಿಲ್ಲ ಎಂಬ ಹಠಕ್ಕೆ ಮಾಡಿದೆ. ಭಕ್ತಿಯಿಂದಲ್ಲ.

ಓದಿಕೊಂಡ ಸಂಬಂಧಿಕರೊಬ್ಬರು ಒಂದು ದಿನ ಕೇಳಿದರು. ‘ಅಷ್ಟು ಅಧ್ಯಾತ್ಮ ಇದ್ದಾಕಿಗೆ ಬಳೆ ಯಾಕೆ ಬೇಕು? ಅಕ್ಕಮಹಾದೇವಿ ಎಲ್ಲ ಬಿಟ್ಟು ನಡೆದಳಲ್ಲ?’ ಉತ್ತರ ಹೊಳೆಯಲಿಲ್ಲ. ಒಳಗೆ ಚುಚ್ಚಿತು. ನಿಜ, ನನಗೆ ಬಳೆಯ ಮೇಲೆ ದೊಡ್ಡ ಆಸೆ ಇರಲಿಲ್ಲ. ಕ್ರಾಸಿಂಗ್ ಮಾಡುವಾಗ ನಾನೇ ತೆಗೆದಿಡುತ್ತಿದ್ದೆ, ಎಲೆಗೆ ತಾಗುತ್ತವೆ ಎಂದು. ಎಷ್ಟೋ ದಿನ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅಕ್ಕ ತಾನಾಗಿ ಬಿಟ್ಟಳು. ಅವಳನ್ನು ಹಿತ್ತಲಿಗೆ ಕರೆದು, ತೋಳು ಹಿಡಿದು, ಯಾರೂ ತೆಗೆಸಲಿಲ್ಲ. ಇದು ಹೊಳೆಯುವ ಹೊತ್ತಿಗೆ ಕೇಳಿದವರು ಊರಿಗೆ ಹೋಗಿಯಾಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಊರಲ್ಲ, ಅತ್ತೆ.

ಮನೆ ಪಾಲಾದಾಗ ಅವರು ನನ್ನ ಕಡೆ ಉಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಮೊಮ್ಮಕ್ಕಳ ಸಲುವಾಗಿ ಇರಬಹುದು. ಒಂದೇ ಒಲೆಯಲ್ಲಿ ಇಬ್ಬರೂ ರೊಟ್ಟಿ ಬಡಿದೆವು, ಮಾತು ಬೇಕಾದಷ್ಟೇ. ಒಂದು ರಾತ್ರಿ ಕರೆಂಟು ಹೋಗಿತ್ತು. ಮಕ್ಕಳು ಮಲಗಿದ್ದರು. ಅತ್ತೆ ತಾವಾಗಿ ಮಾತು ತೆಗೆದರು. ಅವರಿಗೆ ಗಂಡ ಸತ್ತಾಗ ಸಣ್ಣ ವಯಸ್ಸು. ಇಬ್ಬರು ಗಂಡುಮಕ್ಕಳು ಕೈಗೂಸುಗಳು. ಅವರ ಅತ್ತೆಯೇ ಬಳೆ ಒಡೆದದ್ದು. ಅವತ್ತಿನಿಂದ ಹೂ ಮುಡಿಯಲಿಲ್ಲ. ತಮ್ಮ ಮಕ್ಕಳ ಮದುವೆಯಲ್ಲಿ ಅಡಿಗೆ ಕೋಣೆಯಲ್ಲಿ ಕೂತರು. ನನ್ನ ಮದುವೆಯಲ್ಲೂ ಹಾಗೆಯೇ ಕೂತಿದ್ದರು. ನನಗೆ ಅಕ್ಷತೆ ಹಾಕಿದವರು ದೊಡ್ಡತ್ತೆ. ನಾನು ಆಗ ಅದನ್ನು ಗಮನಿಸಿಯೂ ಇರಲಿಲ್ಲ.

ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಕೇಳಿದರು.

‘ನೀ ಮಾಡಿದ್ದು ಖರೇ ಅಂದ್ರ, ನಾ ಕಳದದ್ದು ಏನು?’

ಸಿಟ್ಟು ಇರಲಿಲ್ಲ ಅವರ ದನಿಯಲ್ಲಿ. ತಿಳಿಯದೆ ಕೇಳುತ್ತಿದ್ದರು. ಶರಣರು ಹೀಗೆ ಹೇಳಿದ್ದಾರೆ, ಶಾಸ್ತ್ರ ಹಾಗಲ್ಲ ಎಂದು ಶ್ರಾವಣದಲ್ಲಿ ಎದ್ದು ನಿಂತು ಹೇಳಿದ ಬಾಯಿ ನನ್ನದು. ಆ ರಾತ್ರಿ ಒಂದು ಮಾತೂ ಬರಲಿಲ್ಲ. ಸೂತಕವಿಲ್ಲ ಅಂದರೆ ಅವರ ಆ ಎಲ್ಲ ವರ್ಷಗಳು ಸುಮ್ಮನೆ ಹೋದವು. ಸೂತಕವಿದೆ ಅಂದರೆ ನಾನು ಕಂಡದ್ದು ಸುಳ್ಳು. ನಡುವೆ ಹೇಳುವುದು ಏನೂ ಇರಲಿಲ್ಲ. ಈಗಲೂ ಇಲ್ಲ. ಅವರ ಕಾಲು ಒತ್ತುತ್ತ ಕೂತೆ. ಕರೆಂಟು ಬಂದ ಮೇಲೆ ಎದ್ದು ಹೋಗಿ ಮಲಗಿದರು.

ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ. ನನ್ನನ್ನು ಒಪ್ಪಲೂ ಇಲ್ಲ. ಒಂದು ಸಲ ಬಳೆಗಾರ ಓಣಿಗೆ ಬಂದ. ನಮ್ಮ ಮನೆ ಮುಂದೆ ನಿಲ್ಲಲೋ ಬೇಡವೋ ಎಂದು ಅವನು ಅನುಮಾನಿಸಿದ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ, ‘ಯಾಕ ನಿಂತಿ? ಕರಿ ಆಕೀನ, ಇಟ್ಕೋತಾಳ’ ಅಂದರು. ಅಷ್ಟೇ. ನಾನು ಒಳಗಿನಿಂದ ಕೇಳಿಸಿಕೊಂಡೆ. ಬಳೆ ಒಡೆದಿದ್ದ ಎಡಗೈಗೆ ಅವತ್ತು ಮತ್ತೆ ಬಳೆ ತುಂಬಿಸಿಕೊಂಡೆ. ಅಲ್ಲಿಯ ತನಕ ಬಲಗೈಗೆ ಮಾತ್ರ ಇದ್ದವು.

ಮಾಸ್ತರು ಮತ್ತೆ ಶ್ರಾವಣಕ್ಕೆ ಕರೆದರು. ಮಣ್ಣಿನ ದಿನ ಹೊಲದಲ್ಲಿ ನನ್ನ ಹತ್ತಿರ ಬರಲು ತಮಗೆ ಧೈರ್ಯವಾಗಲಿಲ್ಲ ಎಂದು ತಾವಾಗಿ ಹೇಳಿದರು. ಆ ಮಾತು ಹೇಳಲು ಅವರಿಗೆ ಸುಲಭವಿರಲಿಲ್ಲ, ವಯಸ್ಸಾದವರು. ನಾನು ಹೋದೆ. ಮಾತಾಡಿ ಎಂದರು. ಮೊದಲು ಮಾತಾಡಿದ ಹಾಗೆ ಮಾತಾಡಲು ಆಗಲಿಲ್ಲ. ಏನೇನಾಯಿತು ಎಂದು ಆದ ಹಾಗೆಯೇ ಹೇಳಿ ಕೂತೆ. ಇಬ್ಬರು ಹೆಂಗಸರು ನಡುವೆಯೇ ಎದ್ದು ಹೋದರು. ಈ ಸಲ ಯಾರೂ ತಲೆದೂಗಲಿಲ್ಲ. ಪೂಜೆಯಲ್ಲಿ ಮನಸ್ಸು ಮತ್ತೆ ನಿಲ್ಲತೊಡಗಿದ್ದು ಆ ಸುಮಾರಿಗೆ. ಅದಕ್ಕೂ ಇದಕ್ಕೂ ಸಂಬಂಧ ಇತ್ತು ಎಂದು ನಾನು ಹೇಳುವುದಿಲ್ಲ.

2022ರ ಮೇ ತಿಂಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ, ನಮ್ಮ ಗಡಿಗೆ ಹತ್ತಿದ ಊರು. ಅಲ್ಲಿಯ ಗ್ರಾಮಸಭೆ, ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಸುವುದು ಇವನ್ನು ನಿಲ್ಲಿಸಬೇಕೆಂದು ಠರಾವು ಮಾಡಿತ್ತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯ್ತಿಗಳಿಗೂ ಇದನ್ನು ಅನುಸರಿಸಿ ಎಂದು ಸುತ್ತೋಲೆ ಕಳಿಸಿತು. ಎರಡು ಸಲ ಓದಿದೆ. ಒಂದು ಊರು ಕೂಡಿ ಕೈ ಎತ್ತಿದರೆ ಆ ಹಿತ್ತಲಲ್ಲಿ ಒಬ್ಬಳೇ ನಿಲ್ಲಬೇಕಾಗಿಲ್ಲ. ಪೇಪರನ್ನು ನಮ್ಮ ಸ್ವಸಹಾಯ ಸಂಘದ ಹೆಂಗಸರಿಗೆ ತೋರಿಸಿದೆ. ‘ಚಲೋ ಆತು’ ಅಂದರು. ಒಬ್ಬಳು, ‘ನಮ್ಮೂರಾಗ ಯಾರು ಮಾಡ್ತಾರ?’ ಅಂದಳು. ಆಮೇಲೆ ಸಾಲದ ಕಂತಿನ ಮಾತು ಬಂತು.

ಮರುವರ್ಷ ಆ ಸಂಘದವಳೇ ಆದ ಒಬ್ಬಳ ಗಂಡ ತೀರಿಕೊಂಡ. ಬೆಳಗಿನ ಜಾವ ಅವಳ ಮಗ ಬಂದು ನನ್ನನ್ನು ಕರೆದ. ಹೋದೆ. ಹಿತ್ತಲಲ್ಲಿ ಹೆಂಗಸರು ಕೂಡಿದ್ದರು. ನಾನು ಬಂದದ್ದು ನೋಡಿ ಮಾತು ನಿಂತಿತು. ಜಗಳಕ್ಕೆ ಬಂದಿದ್ದೇನೆ ಎಂದುಕೊಂಡರು. ಅವಳ ಪಕ್ಕದಲ್ಲಿ ಕೂತು, ನಿನಗೆ ಏನು ಬೇಕು ಎಂದು ಕಿವಿಯಲ್ಲಿ ಕೇಳಿದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ನನ್ನ ಕೈಲೆ ಆಗೂದಿಲ್ಲಕ್ಕಾ. ತೆಗೀಲಿ. ಆದ್ರ ಒಡೆಯೂದು ಬ್ಯಾಡ. ನೀನs ತೆಗಿ’ ಅಂದಳು.

ಅವಳ ಮನೆಯವರನ್ನು ಕೇಳಿದೆ. ಒಪ್ಪಿದರು. ಕೈಗೆ ಸೋಪು ಹಚ್ಚಿ ಒಂದೊಂದಾಗಿ ತೆಗೆದೆ. ಬಳೆ ಒಡೆಯಲಿಲ್ಲ, ಕೈ ಕೊಯ್ಯಲಿಲ್ಲ. ಕುಂಕುಮವನ್ನು ಅವಳು ತಾನೇ ಒರೆಸಿಕೊಂಡಳು. ಸಂಜೆ ಮಾಸ್ತರು, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಕೇಳಿದರು. ಅವಳು ಬೇಡ ಅಂದಿದ್ದರೆ ಅವಳ ಮುಂದೆ ನಿಲ್ಲುತ್ತಿದ್ದೆ, ಯಾರೂ ಮುಟ್ಟದ ಹಾಗೆ. ಅವಳು ಬೇಕು ಅಂದಳು. ನಾನು ಅವಳ ತೋಳು ಹಿಡಿದು, ನಿನಗೆ ಸೂತಕವಿಲ್ಲ, ಇಟ್ಟುಕೋ ಅನ್ನಲಾರೆ. ಮಾಸ್ತರಿಗೆ ಸಮಾಧಾನವಾಗಲಿಲ್ಲ. ನಾವಿಬ್ಬರೂ ಈ ಮಾತಿಗೆ ಇನ್ನೂ ವಾದಿಸುತ್ತೇವೆ.

ಮಗಳು ಡಿಗ್ರಿ ಮುಗಿಸಿದಳು. ಹರಿಹರದ ಕಡೆಯಿಂದ ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು, ಅವಳಿಗೂ ಒಪ್ಪಿಗೆ. ಅವರ ಹಿರಿಯರು ಬಂದು ಮಾತಾಡಿ ಹೋದ ಮೇಲೆ, ಒಬ್ಬರ ಕೈಯಲ್ಲಿ ಹೇಳಿ ಕಳಿಸಿದರು. ಶಾಸ್ತ್ರಕ್ಕೆ ಮೈದುನ ಮತ್ತು ಅವನ ಹೆಂಡತಿ ನಿಂತರೆ ಚೆನ್ನ ಎಂದು. ಮೈದುನ ನನ್ನ ಕಡೆಗೆ ಬಂದ. ಗೋಡೆ ಎದ್ದ ಮೇಲೆ ಅವನು ನಮ್ಮ ಪಡಸಾಲೆಯಲ್ಲಿ ಕೂತದ್ದು ಅದೇ ಮೊದಲು. ‘ಏನ್ ಹೇಳ್ಲಿ, ವೈನಿ?’ ಎಂದು ಕೇಳಿದ. ಮಗಳ ಮುಖ ನೋಡಿದೆ. ಅವಳು, ‘ನಮ್ಮವ್ವ ನಿಂದ್ರತಾಳ, ಕಾಕಾ’ ಅಂದಳು. ನಾನೂ ಅದನ್ನೇ ಹೇಳಿ ಕಳಿಸಿದೆ. ಅತ್ತೆಯೂ ನಿಲ್ಲಬೇಕು, ಮೊಮ್ಮಗಳಿಗೆ ಅಕ್ಷತೆ ಹಾಕಬೇಕು ಎಂದೂ ಸೇರಿಸಿದೆ. ಅತ್ತೆ, ‘ನನ್ನ ಯಾಕ ಎಳಿತಿ ಅದರಾಗ’ ಅಂದರು. ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಹರಿಹರದವರ ಉತ್ತರ ಇನ್ನೂ ಬಂದಿಲ್ಲ.